ಹೆಪ್ಪು ಹಾಕಿದ ಹೊಗೆಸೊಪ್ಪು

ನಮ್ಮ ಭದ್ರಾವತಿ ಮಾವ ತಮ್ಮ ಹೆಂಡತಿಯನ್ನು ಗಾಜಿನ ಜಾಡಿಗಳಲ್ಲಿ ತುಂಬಿ, ಮುಚ್ಚಳ ಬಿಗಿದು, ಕಿಟಕಿಯ ಪಕ್ಕದ ಹಲಗೆಯ ಮೇಲೆ ಸಾಲಾಗಿ ಇಟ್ಟುಕೊಂಡಿದ್ದರು. ಗಾಬರಿಯಾಗಬೇಡಿ, ಪೊಲೀಸರಿಗೆ ಹೇಳಿಕಳಿಸುವಂಥದ್ದೇನೂ ನಡೆದಿರಲಿಲ್ಲ. ಅವರ ಹೆಂಡತಿ ಗಿರಿಜಮ್ಮ ಜ್ವರ ಬಂದು ತೀರಿಕೊಂಡು, ನಾಲ್ಕು ಜನರ ಎದುರಿಗೇ ಮಣ್ಣಾಗಿ, ನಾನು ಆ ಮನೆತನಕ್ಕೆ ಸೊಸೆಯಾಗಿ ಬರುವ ಹೊತ್ತಿಗೆ ಕೆಲವು ವರ್ಷಗಳೇ ಕಳೆದಿದ್ದವು. ಆದರೂ ಅವಳು ಜಾಡಿಯಲ್ಲಿದ್ದಾಳೆ ಎಂದೇ ಮಾವ ನಂಬಿದ್ದರು. ತಮ್ಮಷ್ಟಕ್ಕೆ ತಾವು ನಂಬಿಕೊಂಡಿದ್ದರೆ ಯಾರಿಗೇನು ತಾಪತ್ರಯ? ಮನೆಗೆ ಬಂದವರೆಲ್ಲ ಮೂಸಿ ನೋಡಿ, ಹೌದು ಇದ್ದಾಳೆ ಎಂದು ಒಪ್ಪಬೇಕಿತ್ತು!

ಮಾವ ಎಂದರೆ ನಮ್ಮ ಅತ್ತೆಯ ತಮ್ಮ, ನಮ್ಮ ಮನೆಯವರಿಗೆ ಸೋದರಮಾವ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ, ನ್ಯೂ ಟೌನಿನಲ್ಲಿ ಕ್ವಾರ್ಟರ್ಸು. ನಾವಿದ್ದದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ. ಮದುವೆಯಾದ ಹೊಸತರಲ್ಲಿ ಮಾವನನ್ನು ನೋಡಿಬರಲು ಇಬ್ಬರೂ ಬಸ್ಸು ಹತ್ತಿದೆವು. ಮಲವಗೊಪ್ಪ ದಾಟುವವರೆಗೂ ಸುಮ್ಮನೆ ಕೂತಿದ್ದ ನಮ್ಮ ಮನೆಯವರು ಆಮೇಲೆ ಮೆಲ್ಲಗೆ ಬಾಯಿಬಿಟ್ಟರು.

"ಮಾವ ಏನಾದ್ರೂ ಮೂಸೋಕೆ ಕೊಟ್ರೆ, ಮೂಸಿ ಚೆನ್ನಾಗಿದೆ ಅಂದ್ಬಿಡು."

"ಏನು ಕೊಡ್ತಾರೆ?"

"ಅದನ್ನ ಕೇಳ್ಬೇಡ."

ಹೊಸ ಹೆಂಡತಿಗೆ ಗಂಡ ಹೇಳುವ ಮಾತೇ ಇದು? ಉಳಿದ ದಾರಿಯುದ್ದಕ್ಕೂ ನಾನು ಸೆರಗಿನ ತುದಿ ಮೂಗಿಗೆ ಒತ್ತಿಕೊಂಡು ಕೂತಿದ್ದೆ.

ಬೇರೆ ನೆಂಟರ ಮನೆಯಲ್ಲಿ ಹೊಸ ಸೊಸೆಗೆ ಅರಿಸಿನ ಕುಂಕುಮ, ಕುಪ್ಪಸದ ಕಣ ಕೊಡುತ್ತಾರೆ. ಈ ಮನೆಯಲ್ಲಿ ಕುಂಕುಮ ಕೊಡುವ ಹೆಂಗಸೇ ಇಲ್ಲ. ಮಾವ ನನ್ನನ್ನು ಮಣೆಯ ಮೇಲೆ ಕೂರಿಸಿ, ಹಲಗೆಯಿಂದ ಒಂದು ಜಾಡಿ ಇಳಿಸಿ, ಮುಚ್ಚಳ ತೆಗೆದು, ಅಂಗೈಮೇಲೆ ಇಟ್ಟುಕೊಂಡು ನನ್ನ ಮುಂದೆ ಹಿಡಿದರು. ಜಾಡಿಯನ್ನಲ್ಲ, ಬರೀ ಮುಚ್ಚಳವನ್ನು! ಒಳಮೈಗೆ ಕಾಫಿಯ ಬಣ್ಣದ ಜಿಡ್ಡು ಹತ್ತಿತ್ತು.

"ಮೂಸಮ್ಮ."

ಮೂಸಿದೆ. ಹೊಗೆಸೊಪ್ಪು, ಹಳೆಯ ರಬ್ಬರು. ಅದರ ಹಿಂದೆ ಇನ್ನೇನೋ ಇತ್ತೋ ಇಲ್ಲವೋ, ಅಷ್ಟರಲ್ಲಿ ಪಕ್ಕದಲ್ಲಿದ್ದ ನಮ್ಮ ಮನೆಯವರು ನನ್ನ ಕಾಲು ತುಳಿದರು.

"ಸಿಹಿಯಾಗಿದೆ ಮಾವ," ಎಂದೆ.

ಮಾವನ ಮುಖ ಅರಳಿತು. "ಗಿರಿಜಾ, ಹೊಸ ಸೊಸೆ ಬಂದಿದಾಳೆ ನೋಡು," ಎಂದರು. ಹಾಗೆಂದದ್ದು ನನ್ನ ಕಡೆ ನೋಡಿ ಅಲ್ಲ, ನನ್ನ ಬಲಭುಜದಿಂದ ಒಂದು ಗೇಣು ಹಿಂದಕ್ಕೆ ನೋಡಿ. ತಿರುಗಿದೆ. ಗೋಡೆಯಿತ್ತು, ಗೋಡೆಯ ಮೇಲೆ ಒಂದು ಕ್ಯಾಲೆಂಡರಿತ್ತು. ಹೊರಗೆ ಮಟಮಟ ಮಧ್ಯಾಹ್ನ. ಆದರೂ ಬೆನ್ನು ತಣ್ಣಗಾಯಿತು.

ಈ ಜಾಡಿಗಳ ಪೂರ್ವೋತ್ತರವನ್ನು ಹೇಳಿಬಿಡುತ್ತೇನೆ. ಕಾರ್ಖಾನೆಗೆ ಒಬ್ಬ ಪರದೇಶದ ಎಂಜಿನಿಯರು ಬಂದಿದ್ದನಂತೆ. ಮಾವನಿಗೆ ಪೈಪು ಸೇದುವುದನ್ನು ಕಲಿಸಿದವನು ಅವನೇ. ಅವನ ಹೆಂಡತಿ ಹಣ್ಣುಗಳನ್ನು ಬೇಯಿಸಿ, ಗಾಜಿನ ಜಾಡಿಗಳಲ್ಲಿ ಬಿಸಿಬಿಸಿಯಾಗಿ ತುಂಬಿ ಮುಚ್ಚಿ, ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದಳಂತೆ. ಜಾಡಿಯ ಬಾಯಿಗೆ ತಗಡಿನ ಚಪ್ಪಟೆ ಮುಚ್ಚಳ, ಮುಚ್ಚಳದ ಅಂಚಿಗೆ ರಬ್ಬರು, ಅದರ ಮೇಲೆ ತಿರುಗಿಸಿ ಬಿಗಿಯುವ ಬಳೆ. ಊರಿಗೆ ಹೊರಟಾಗ ಆಕೆ ಎಲ್ಲವನ್ನೂ ಗಿರಿಜಮ್ಮನಿಗೆ ಕೊಟ್ಟು, ಈ ಮುಚ್ಚಳಗಳನ್ನು ಒಂದೇ ಸಲ ಬಳಸಬೇಕು, ಆಮೇಲೆ ಎಸೆಯಬೇಕು ಎಂದು ತಾಕೀತು ಮಾಡಿದಳಂತೆ. ಎಸೆಯುವುದೇ? ನಮ್ಮವರು ಹರಿದ ಪಂಚೆಯನ್ನು ಒರೆಸುವ ಬಟ್ಟೆ ಮಾಡಿ, ಅದೂ ಹರಿದರೆ ದೀಪಕ್ಕೆ ಬತ್ತಿ ಹೊಸೆಯುವವರು. ಗಿರಿಜಮ್ಮ ಆ ದೊರೆಸಾನಿಯ ಎದುರಿಗೆ ತಲೆಯಾಡಿಸಿ, ಒಳಗೆ ಬಂದು ಗಂಡನಿಗೆ, "ಇವರ ಊರಲ್ಲಿ ಗಂಡಂದಿರಿಗೂ ಇದೇ ಲೆಕ್ಕವೋ ಏನೋ," ಎಂದಳಂತೆ.

ಎಂಜಿನಿಯರು ಹೋದಮೇಲೆ ಡಬ್ಬಿಯ ತಂಬಾಕಿಗೂ ಗತಿಯಿಲ್ಲದಾಯಿತು. ಆಗ ಗಿರಿಜಮ್ಮನೇ ಪೇಟೆಯಿಂದ ಹೊಗೆಸೊಪ್ಪು ತರಿಸಿ, ಸಣ್ಣಗೆ ಹೆಚ್ಚಿ, ಬೆಲ್ಲದ ನೀರು ಚಿಮುಕಿಸಿ, ಇನ್ನೂ ಏನೇನೋ ಸೇರಿಸಿ, ಬಿಸಿಲಿನಲ್ಲಿಟ್ಟು, ಕಾದಿರುವಾಗಲೇ ಜಾಡಿಗೆ ತುಂಬಿ ಮುಚ್ಚಳ ಬಿಗಿಯುತ್ತಿದ್ದಳು. ಆ ಏನೇನೋ ಏನು ಎಂಬುದನ್ನು ಗಂಡನಿಗೂ ಹೇಳಲಿಲ್ಲ. ಕೇಳಿದರೆ, "ಹೇಳಿದ್ರೆ ನನ್ನ ಹತ್ರ ನಿಮಗೇನು ಕೆಲಸ?" ಎನ್ನುತ್ತಿದ್ದಳಂತೆ. ಒಂದು ದಿನ ಜ್ವರ ಬಂದು ಮಲಗಿದವಳು ಹೇಳದೆಯೇ ಹೋಗಿಬಿಟ್ಟಳು. ಉಳಿದದ್ದು ಆರು ಜಾಡಿ, ಆರು ಮುಚ್ಚಳ.

ಇಲ್ಲಿಂದ ಮಾವನ ಶಾಸ್ತ್ರ ಶುರು. ಮೊಸರಿಗೆ ಹೆಪ್ಪು ಹಾಕುವುದಿಲ್ಲವೇ? ಅಜ್ಜಿಯ ಕಾಲದ ಮೊಸರಿನ ಒಂದು ಚಮಚ ಅಮ್ಮನ ಹಾಲಿಗೆ, ಅಮ್ಮನದು ಮಗಳ ಹಾಲಿಗೆ. ಹಾಲು ದಿನವೂ ಹೊಸದು, ಮೊಸರು ಮಾತ್ರ ಅದೇ. ಹಾಗೆಯೇ ಇದೂ ಎನ್ನುವುದು ಮಾವನ ವಾದ. ಗಿರಿಜಮ್ಮ ಬೆರೆಸಿದ ಸೊಪ್ಪಿನ ವಾಸನೆ ಮುಚ್ಚಳದ ಒಳಮೈಗೆ, ರಬ್ಬರಿನ ಅಂಚಿಗೆ ಹಿಡಿದಿದೆ. ಹೊಸ ಸೊಪ್ಪಿಗೆ ಬೆಲ್ಲದ ನೀರು ಹಾಕಿ ಆ ಮುಚ್ಚಳವನ್ನು ಮುಚ್ಚಿಟ್ಟರೆ ಮುಚ್ಚಳ ಸೊಪ್ಪಿಗೆ ಕೊಡುತ್ತದೆ, ಸೊಪ್ಪು ಮುಚ್ಚಳಕ್ಕೆ ತಿರುಗಿ ಕೊಡುತ್ತದೆ. ಮುಚ್ಚಳ ಇರುವವರೆಗೂ ಗಿರಿಜೆ ಇರುತ್ತಾಳೆ! ಹೆಪ್ಪಿಗಿರುವ ನೇಮಗಳನ್ನೆಲ್ಲ ಮಾವ ಮುಚ್ಚಳಕ್ಕೂ ಪಾಲಿಸುತ್ತಿದ್ದರು. ದೀಪ ಹಚ್ಚಿದ ಮೇಲೆ ಹೊರಗಿನವರಿಗೆ ತೆಗೆದು ತೋರಿಸುವ ಹಾಗಿಲ್ಲ. ನೀರು ಸೋಕಿಸುವ ಹಾಗಂತೂ ಇಲ್ಲವೇ ಇಲ್ಲ.

ಪಕ್ಕದ ಕ್ವಾರ್ಟರ್ಸಿನವರು ಒಮ್ಮೆ, "ಸಾರ್, ಒಂದು ಮುಚ್ಚಳ ಕೊಡಿ, ಉಪ್ಪಿನಕಾಯಿ ಜಾಡಿಗೆ ಸರಿಹೋಗುತ್ತೆ," ಎಂದು ಕೇಳಿದ್ದರಂತೆ. ಮಾವ ಒಂದು ವಾರ ಅವರ ಜೊತೆ ಮಾತು ಬಿಟ್ಟರು. ಹೆಂಡತಿಯನ್ನು ಉಪ್ಪಿನಕಾಯಿ ಕಾಯಲು ಕಳಿಸಿ ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನನ್ನ ನಗು ನಿಂತದ್ದು ಸಂಜೆಯ ಹೊತ್ತು ಆ ಮನೆಯಲ್ಲಿ ಕೂತ ಮೇಲೆ. ಕಾರ್ಖಾನೆಯವರು ಕಬ್ಬಿಣ ಕರಗಿಸಿ ಉಳಿದ ಕುದಿಯುವ ಕಿಟ್ಟವನ್ನು ಸುರಿಯುವಾಗ ಆ ಕಡೆಯ ಆಕಾಶವೆಲ್ಲ ಕೆಂಪಾಗುತ್ತಿತ್ತು. ಆ ಕೆಂಪು ಕಿಟಕಿಯಿಂದ ಒಳಗೆ ಬಂದು ಜಾಡಿಗಳ ಮೇಲೆ ಬಿದ್ದರೆ, ಆರೂ ಜಾಡಿಗಳೊಳಗೆ ಯಾರೋ ಕೆಂಡ ಹಾಕಿಟ್ಟಂತೆ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಕೂತಿದ್ದೆ. ಹಲಗೆಯ ಮೇಲೆ 'ಟೊಕ್' ಎಂದಿತು.

"ಹ್ಞೂ," ಎಂದರು ಮಾವ, ಪತ್ರಿಕೆಯಿಂದ ತಲೆ ಎತ್ತದೆ.

ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಜಾಡಿ. 'ಟೊಕ್.'

"ಹ್ಞೂ, ಬಂದೆ ಕಣೇ."

"ಮಾವ, ಏನದು?"

ಮಾವ ಕನ್ನಡಕ ತೆಗೆದು ನನಗೆ ಪಾಠ ಹೇಳಿದರು. ಬಿಸಿಲಲ್ಲಿ ಕಾದ ಸೊಪ್ಪನ್ನು ಬಿಸಿಯಾಗಿಯೇ ಮುಚ್ಚಿರುತ್ತೇವೆ, ಸಂಜೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗುತ್ತದೆ, ತಗಡು ಒಳಕ್ಕೆ ಎಳೆದುಕೊಳ್ಳುತ್ತದೆ, ಆಗ ಸದ್ದಾಗುತ್ತದೆ. ಎಷ್ಟೆಂದರೂ ಕಬ್ಬಿಣದ ಜೊತೆ ಬದುಕಿದ ಮನುಷ್ಯ, ಬಿಸಿ ತಣ್ಣನೆಯ ವಿಷಯದಲ್ಲಿ ಅವರಿಗೆ ತಿಳಿಯದ್ದು ಏನಿದ್ದೀತು? ನನಗೆ ಹೋದ ಜೀವ ಬಂದಂತಾಯಿತು.

"ಹಂಗಾದ್ರೆ ಗಾಳಿಗೆ ಯಾಕೆ ಹ್ಞೂ ಅಂತೀರಿ?"

"ಕರೆದವರಿಗೆ ಹ್ಞೂ ಅನ್ಬೇಕಲ್ಲಮ್ಮ. ಗಾಳಿ ಆದ್ರೇನು?"

ಮುಸ್ಸಂಜೆಯಲ್ಲಿ ಯಾರಾದರೂ ಒಂದೇ ಸಲ ಕರೆದರೆ ಓಗೊಡಬೇಡ, ಮೂರು ಸಲ ಕರೆದರೆ ಮಾತ್ರ ಮನುಷ್ಯರು ಎಂದು ನನ್ನ ತಾಯಿ ಹೇಳಿಕೊಟ್ಟಿದ್ದಳು. ಈ ಮನುಷ್ಯ ಒಂದೇ ಕರೆಗೆ ಓಗೊಡುತ್ತಾ ವರ್ಷಗಳನ್ನೇ ಕಳೆದಿದ್ದಾರೆ! ಅಷ್ಟರಲ್ಲಿ ಕೊನೆಯ ಜಾಡಿ 'ಟೊಕ್' ಎಂದಿತು. ಆ ಜಾಡಿಯನ್ನು ಹಗಲಲ್ಲಿ ನಾನೇ ನೋಡಿದ್ದೆ. ಅದು ಖಾಲಿ. ಬಿಸಿಲಿಗೂ ಇಟ್ಟಿರಲಿಲ್ಲ.

"ಅದಕ್ಕೇನು ಮಾವ ಕಾರಣ?"

"ಅದೊಂದು ಗೊತ್ತಿಲ್ಲಮ್ಮ," ಎಂದರು ಮಾವ. ಹಾಗೆನ್ನುವಾಗ ಅವರಿಗೆ ಬಹಳ ಸಂತೋಷವಾದಂತಿತ್ತು.

ಮೂಸಿದವರೆಲ್ಲ ನನ್ನಂತೆಯೇ ಸುಳ್ಳು ಹೇಳುತ್ತಿದ್ದರು ಎಂದು ನಾನು ಬಹಳ ಕಾಲ ಸಮಾಧಾನ ಮಾಡಿಕೊಂಡಿದ್ದೆ. ಒಬ್ಬರು ಏಲಕ್ಕಿ ಎನ್ನುತ್ತಿದ್ದರು, ಇನ್ನೊಬ್ಬರು ಲವಂಗ. ಕಾರ್ಖಾನೆಯ ತಮಿಳಿನ ಸ್ನೇಹಿತರೊಬ್ಬರು "ರೊಂಬ ಜೋರಾಗಿದೆ ಸಾರ್" ಎಂದು ಕಾಫಿ ಕುಡಿದು ಹೋಗುತ್ತಿದ್ದರು. ಆದರೆ ಹೊಗೆಸೊಪ್ಪು ಮಾರುವ ಬಾಷಾ ಸಾಬರ ಸಂಗತಿಯೇ ಬೇರೆ. ಅವರು ಹೊಸದಾಗಿ ಅಂಗಡಿ ಇಟ್ಟವರು, ಗಿರಿಜಮ್ಮನ ಹೆಸರನ್ನೂ ಕೇಳಿದವರಲ್ಲ. ಒಮ್ಮೆ ಸೊಪ್ಪಿನ ಕಟ್ಟನ್ನು ತಾವೇ ಮನೆಗೆ ತಂದಾಗ ಮಾವ ವಾಡಿಕೆಯಂತೆ ಮುಚ್ಚಳ ಹಿಡಿದರು. ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದೆ. ಸಾಬರು ವ್ಯಾಪಾರದ ಗತ್ತಿನಲ್ಲಿ ಮೂಸಿ, ಹುಬ್ಬು ಗಂಟಿಕ್ಕಿ, ಮತ್ತೊಮ್ಮೆ ಮೂಸಿದರು.

"ಇದು ನನ್ನ ಮಾಲಿನ ವಾಸ್ನೆ ಅಲ್ಲ ಸಾಬ್."

"ಮತ್ತೇನು?"

"ಲೋಬಾನ. ಹೆಂಗಸ್ರು ತಲೆಗೆ ನೀರು ಹಾಕ್ಕೊಂಡು, ಒದ್ದೆ ಕೂದ್ಲು ಲೋಬಾನದ ಹೊಗೆಗೆ ಹಿಡೀತಾರಲ್ಲ, ಹಂಗೆ." ಅವರು ನನ್ನ ಕಡೆ ನೋಡಿ, ಮತ್ತೆ ನನ್ನ ಹಿಂದಿನ ಅಡುಗೆಮನೆಯ ಬಾಗಿಲಿನ ಕಡೆ ನೋಡಿದರು. "ಒಳಗೆ ಇನ್ನೊಬ್ರು ಅಮ್ಮಾವ್ರು ಇದಾರಾ?"

"ಇಲ್ಲ," ಎಂದೆ ನಾನು.

ಸಾಬರು ಟೋಪಿ ಸರಿಮಾಡಿಕೊಂಡು ಕಾಫಿ ಕುಡಿಯದೆ ಎದ್ದರು. ಆಮೇಲೆ ಯಾವಾಗ ಬಂದರೂ ಸೊಪ್ಪಿನ ಕಟ್ಟನ್ನು ಹೊಸ್ತಿಲ ಆಚೆಯಿಂದಲೇ ಚಾಚುತ್ತಿದ್ದರು. ಊರಿಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಿದರು. "ಗಿರಿಜಾ ಶುಕ್ರವಾರ ಶುಕ್ರವಾರ ಕೂದ್ಲಿಗೆ ಸಾಂಬ್ರಾಣಿ ಹಾಕ್ಕೊಳ್ತಿದ್ಲು," ಎಂದು ಅಷ್ಟೇ ಹೇಳಿ ಮತ್ತೆ ಕಲ್ಲು ಹುಡುಕತೊಡಗಿದರು.

ಈ ಅತ್ತೆಯ ಬಗ್ಗೆ ನಿಮಗೆ ಹೇಳಲೇಬೇಕು. ಇಡೀ ಬಳಗದಲ್ಲಿ ಮುಚ್ಚಳ ಮೂಸದೆ ಉಳಿದಿದ್ದವರು ಅವರೊಬ್ಬರೇ. ನಮ್ಮತ್ತೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದರೆ ಈಜು ಬರದವರಿಗೆ ಈಜು ಬಾರದಂತೆ! ಮದುವೆಮನೆಯಲ್ಲಿ ಬೀಗರು ಊಟ ಹೇಗಿತ್ತು ಎಂದು ಕೇಳಿದರೆ, "ಸಾರಿಗೆ ಉಪ್ಪಿಲ್ಲ, ಹುಡುಗನಿಗೆ ನಯವಿಲ್ಲ," ಎಂದು ಎಲೆಯ ಮುಂದೆಯೇ ಹೇಳಿದವರು. ತಮ್ಮ ಎಷ್ಟು ಸಲ ಮುಚ್ಚಳ ಹಿಡಿದರೂ ಅವರದು ಒಂದೇ ಉತ್ತರ.

"ಹೋದವಳನ್ನ ಹೋಗೋಕೆ ಬಿಡೋ ಮಾರಾಯ. ನಾನು ಮೂಸಲ್ಲ. ಮೂಸಿದ್ರೆ ಇದ್ದದ್ದು ಹೇಳ್ಬೇಕಾಗುತ್ತೆ."

ಮಾವ ಮುಖ ಸಣ್ಣದು ಮಾಡಿಕೊಂಡು ಮುಚ್ಚಳ ತಿರುಗಿಸುತ್ತಿದ್ದರು. ನಮ್ಮಂಥ ನೂರು ಜನರ 'ಇದ್ದಾಳೆ'ಗಿಂತ ಅವರಿಗೆ ಅಕ್ಕನ ಒಂದೇ ಒಂದು 'ಇದ್ದಾಳೆ' ಬೇಕಿತ್ತು. ಆ ಒಂದು ಮಾತಿಗೆ ಯಾಕಿಷ್ಟು ಹಂಬಲ ಎಂಬುದು ನನಗೆ ತಿಳಿದದ್ದು ಹಾಲು ಉಕ್ಕಿದ ದಿನ.

ಆವತ್ತು ನಾನು ಭದ್ರಾವತಿಯಲ್ಲಿ ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋದವಳು ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತೆ. ಬರುವಷ್ಟರಲ್ಲಿ ಹಾಲು ಉಕ್ಕಿ, ಸೀದು, ತಳ ಹತ್ತಿ, ಆ ಕಮರು ಬೀದಿಯವರೆಗೂ ಬಂದಿತ್ತು. ಮೂಗು ಮುಚ್ಚಿಕೊಂಡು ಒಳಗೆ ಓಡಿದೆ. ಮಾವ ಒಲೆಯಿಂದ ಎರಡು ಮಾರು ದೂರದಲ್ಲಿ, ಒಲೆಗೆ ಬೆನ್ನು ಹಾಕಿ, ಕಡ್ಡಿಯಿಂದ ಪೈಪು ಕೆರೆಯುತ್ತಾ ಹಾಯಾಗಿ ಕೂತಿದ್ದಾರೆ!

"ಹಾಲು ಕಾಯ್ತೇನಮ್ಮ?" ಎಂದರು.

ನಾನು ಪಾತ್ರೆ ಇಳಿಸಲಿಲ್ಲ. ಅವರ ಮುಖವನ್ನೇ ನೋಡಿದೆ. ಅವರಿಗೂ ಗೊತ್ತಾಯಿತು.

"ಕುಲುಮೆ ಮುಂದೆ ನಿಂತೂ ನಿಂತೂ ಯಾವತ್ತೋ ಹೋಯ್ತಮ್ಮ," ಎಂದರು ಮೂಗನ್ನು ಮುಟ್ಟಿ ತೋರಿಸಿ. "ಗಿರಿಜಾ ಬರೋಕೆ ಮುಂಚೆಯೇ ಹೋಗಿತ್ತು. ಅವಳಿಗೆ ಹೇಳಿರ್ಲಿಲ್ಲ. ಬೆಲ್ಲದ ನೀರು ಹಾಕಿ, ಅದು ಇದು ಕಲಸಿ, ಮೂಗಿನ ಹತ್ರ ಹಿಡಿದು ಹೇಗಿದೆ ಅಂತ ಕೇಳೋಳು. ನಾನು ಚೆನ್ನಾಗಿದೆ ಅನ್ನೋನು. ಅಷ್ಟು ಪ್ರೀತಿಯಿಂದ ಮಾಡ್ತಿದ್ಲಲ್ಲ, ಅದು ಹೇಗಿತ್ತು ಅಂತ ನನಗೆ ಗೊತ್ತೇ ಇಲ್ಲಮ್ಮ. ಅದಕ್ಕೇ ಬಂದವರನ್ನೆಲ್ಲ ಕೇಳ್ತೀನಿ." ಕಡ್ಡಿಯನ್ನು ಕೆಳಗಿಟ್ಟು, "ನೀವೆಲ್ಲ ನನ್ನ ಮನಸ್ಸು ನೋಯುತ್ತೆ ಅಂತ ಹೇಳ್ತೀರೋ ಏನೋ. ಅಕ್ಕ ಹೇಳಿದ್ರೆ ನಿಜ," ಎಂದರು.

ನನಗೆ ಅಳು ಬಂತು. ಹೊಗೆಯ ನೆಪ ಮಾಡಿ ಕಣ್ಣೊರೆಸಿಕೊಂಡೆ. ಯಾರಿಗೂ ಹೇಳಬೇಡ, ಅಕ್ಕನಿಗಂತೂ ಬೇಡ ಎಂದು ಮಾತು ತೆಗೆದುಕೊಂಡರು.

ಮುಂದೆ ಮಾವ ನಿವೃತ್ತರಾದರು, ಕ್ವಾರ್ಟರ್ಸು ಬಿಡಬೇಕಾಯಿತು. ದುರ್ಗಿಗುಡಿಯ ನಮ್ಮ ಮನೆಗೇ ಬಂದರು. ಹಾಸಿಗೆ, ಟ್ರಂಕು ಲಾರಿಯಲ್ಲಿ ಬಂದವು. ಜಾಡಿಗಳು ಮಾತ್ರ ಬಾಡಿಗೆ ಕಾರಿನಲ್ಲಿ ಮಾವನ ತೊಡೆಯ ಮೇಲೆ! ಅವರಿಗೆ ಕೊಟ್ಟ ನಡುಮನೆಯ ಕಿಟಕಿಯಲ್ಲಿ ಮತ್ತೆ ಸಾಲಾಗಿ ಕೂತವು. ಸಂಜೆಯಾದರೆ 'ಟೊಕ್', ಒಳಗಿನಿಂದ 'ಹ್ಞೂ'. ಅತ್ತೆ ಮೊದಮೊದಲು ಗೊಣಗಿದರು, ಆಮೇಲೆ ಆ ಸದ್ದಾದರೆ ಮಾತು ನಿಲ್ಲಿಸಿ, ತಮ್ಮ ಹ್ಞೂ ಎಂದ ಮೇಲೆ ಮುಂದುವರಿಸುವುದು ರೂಢಿಯಾಯಿತು. ರೂಢಿಯಾದರೆ ದೆವ್ವವೂ ನೆಂಟ ತಾನೇ?

ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಆ ದಿನ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಕೊಂಡವರ ಪಟಗಳ ಮುಂದೆ ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಕೋಣೆಯ ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಬಂದು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಕದ ತಟ್ಟಿ, ಕೆಮ್ಮಿ, ಆಮೇಲೆ ಒಳಗೆ ಹೋಗುವುದು. ಹಿಂದಿನ ದಿನ ಮಾವ ಹೆದರುತ್ತಾ ಕೇಳಿದರು.

"ಅಕ್ಕಾ, ಗಿರಿಜನ ಎಡೆಗೆ ಈ ಜಾಡಿಗಳನ್ನ ಇಡ್ಲಾ?"

ನಾನು ಸಿಡಿಲಿಗೆ ಕಾದೆ. ಅತ್ತೆ, "ಇಡು," ಎಂದರು.

ಮಾವ ಬೆಳಿಗ್ಗೆಯೇ ಹೂವು, ಬಾಳೆಲೆ ತರಲು ಖುಷಿಯಿಂದ ಪೇಟೆಗೆ ಹೋದರು. ನಾನು ಹೋಳಿಗೆಯ ಹೂರಣ ರುಬ್ಬುತ್ತಾ ಒಳಗಿದ್ದೆ. ಕೈತೊಳೆಯಲು ಹಿತ್ತಲಿಗೆ ಬಂದವಳು ಅಲ್ಲೇ ನಿಂತೆ. ಬಿಸಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆರೂ ಮುಚ್ಚಳಗಳು ಬೆಳ್ಳಗೆ ಥಳಥಳ ಹೊಳೆಯುತ್ತಿದ್ದವು. ಪಕ್ಕದಲ್ಲಿ ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಕೊಳೆತು ಕಿತ್ತುಬಂದ ರಬ್ಬರಿನ ಎಳೆಗಳು ಚರಂಡಿಯ ಬಾಯಲ್ಲಿದ್ದವು.

"ಹಿರಿಯರ ಮುಂದೆ ಮುಸುರೆ ಪಾತ್ರೆ ಇಡೋಕಾಗುತ್ತಾ?" ಎಂದರು ಅತ್ತೆ, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಾ. "ಅವನಿಗೆ ಬಿಟ್ರೆ ಹಂಗೇ ಇಟ್ಬಿಡ್ತಾನೆ. ಎಷ್ಟು ಜಿಡ್ಡು ಅಂತೀಯ. ಕೈ ಸೋತುಹೋಯ್ತು." ಅಷ್ಟು ವರ್ಷಗಳಲ್ಲಿ ತಮ್ಮನ ಹುಚ್ಚಿಗೆ ಅವರು ಮೊದಲ ಸಲ ಕೈಜೋಡಿಸಿದ್ದರು. ಹಬ್ಬಕ್ಕೆ ಎಲ್ಲವನ್ನೂ ಬೆಳಗಬೇಕು ಎಂದು ಕಲಿತ ಕೈ, ಯಾರನ್ನು ಬರಮಾಡಿಕೊಳ್ಳಬೇಕೋ ಅವಳನ್ನೇ ಉಜ್ಜಿ ತೊಳೆದುಬಿಟ್ಟಿತ್ತು!

ಮಾವ ಬಂದರು. ಕಲ್ಲಿನ ಮುಂದೆ ನಿಂತರು. ಒಂದು ಮುಚ್ಚಳ ಎತ್ತಿ, ಒಳಮೈಯನ್ನು ಹೆಬ್ಬೆರಳಿನಿಂದ ಸವರಿದರು. ನಂತರ ಅತ್ತೆಯ ಕೈಗಳನ್ನು ನೋಡಿದರು. ಹುಣಸೆಹುಳಿಗೆ ಅತ್ತೆಯ ಬೆರಳುಗಳು ಸುಕ್ಕಾಗಿ ಬಿಳಿಚಿಕೊಂಡಿದ್ದವು. ಮಾವ ಆರನ್ನೂ ಆರಿಸಿಕೊಂಡು ಒಳಗೆ ಹೋದರು. ಆಗ ಅತ್ತೆಗೆ ತಿಳಿಯಿತು. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು.

ಎಡೆ ಇಟ್ಟದ್ದಾಯಿತು. ಗಿರಿಜಮ್ಮನ ಪಟದ ಮುಂದೆ ಹೋಳಿಗೆ, ಪಾಯಸ, ಆರು ಜಾಡಿ. ಬಾಗಿಲು ಮುಚ್ಚಿ ಎಲ್ಲರೂ ಹಜಾರದಲ್ಲಿ ಕೂತೆವು. ಮಾವ ಕತ್ತು ಓರೆ ಮಾಡಿ ಬಾಗಿಲ ಕಡೆಗೇ ಕಿವಿಗೊಟ್ಟಿದ್ದರು. ಅವರ ಗಂಟಲಲ್ಲಿ 'ಹ್ಞೂ' ಸಿದ್ಧವಾಗಿ ನಿಂತದ್ದು ನನಗೆ ಕಾಣುತ್ತಿತ್ತು. ಒಳಗಿನಿಂದ ಒಂದು ಸದ್ದೂ ಇಲ್ಲ. ರಬ್ಬರಿಲ್ಲದ ಮುಚ್ಚಳ ಗಾಳಿಯನ್ನು ಹಿಡಿಯುವುದಾದರೂ ಹೇಗೆ? ಆ ಸದ್ದಿಗೆ ಹೆದರಿದ್ದವಳು ನಾನು, ಅವತ್ತು ಆ ಸದ್ದಿಲ್ಲದ್ದು ಅದಕ್ಕಿಂತ ಹೆಚ್ಚು ಹೆದರಿಸಿತು. ಬೇಯಿಸಿಟ್ಟ ಅನ್ನದ ಹಬೆಯೂ ಆ ಕೋಣೆಯಲ್ಲಿ ಅಲುಗದೆ ನಿಂತಿರಬೇಕು ಎನ್ನಿಸಿತು.

ಕದ ತಟ್ಟಿ, ಕೆಮ್ಮಿ, ಒಳಗೆ ಹೋದೆವು. ಎಡೆಯ ಮುಂದೆ ಹಾಸಿದ್ದ ಚಾಪೆಯ ಮೇಲೆ ಕೂತೆವು. ಮಾವ ಒಂದು ಜಾಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಚ್ಚಳ ತೆಗೆದು, ನನ್ನ ಕಡೆ ಚಾಚಿದರು. ಅಷ್ಟು ಸಲ ಸಲೀಸಾಗಿ ಹೇಳಿದ್ದ ಸುಳ್ಳು ಆವತ್ತು ನಾಲಿಗೆಗೆ ಬರಲೇ ಇಲ್ಲ.

"ಇಲ್ಲಿ ಕೊಡೋ," ಎಂದರು ಅತ್ತೆ.

ಮುಚ್ಚಳ ಇಸಿದುಕೊಂಡು ಮೂಗಿಗೆ ಹಿಡಿದರು. ಕಣ್ಣು ಮುಚ್ಚಿ, ಉಸಿರೆಳೆದು, ಬಹಳ ಹೊತ್ತು ಹಾಗೆಯೇ ಇದ್ದರು.

"ಇದಾಳೆ ಕಣೋ."

ಮಾವ ಅಕ್ಕನ ಮುಖವನ್ನೇ ನೋಡಿದರು. "ಹೇಗಿದಾಳಕ್ಕ?"

"ಹುಣಸೆಹಣ್ಣು, ಬೂದಿ," ಎಂದರು ಅತ್ತೆ. ಅವರ ಧ್ವನಿ ಒಡೆದಿರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳುವ ಅದೇ ಧ್ವನಿ. "ಹಬ್ಬದ ದಿನ ಹೆಂಗಸ್ರು ಪಾತ್ರೆ ಎಲ್ಲಾ ಬೆಳಗಿಟ್ಟು, ಕೈ ಒರೆಸ್ಕೊಂಡು ಒಳಗೆ ಬರ್ತಾರಲ್ಲ, ಆ ಕೈಯ ವಾಸನೆ. ಈಗ ತಾನೇ ಬಂದಿದಾಳೆ."

ಮಾವ ಮಗುವಿನಂತೆ ಅತ್ತರು. ಅತ್ತೆ ಮುಚ್ಚಳವನ್ನು ಅವರ ಅಂಗೈಯಲ್ಲಿಟ್ಟು, ಆ ಅಂಗೈಯನ್ನು ತಮ್ಮ ಕೈಯಿಂದ ಮುಚ್ಚಿ, ನನ್ನ ಕಡೆ ತಿರುಗಿದರು.

"ಸ್ವಲ್ಪ ಸರಿಯಮ್ಮ," ಎಂದರು.

ನಾನು ಸೆರಗು ಎಳೆದುಕೊಂಡು, ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಸರಿದು ಕೂತೆ. ಆ ಜಾಗ ಖಾಲಿ ಇತ್ತು ಎಂದು ನಾನು ಇವತ್ತಿಗೂ ಹೇಳಲಾರೆ.